ನಮ್ಮ ಮನೆಯ ಮೂರು ಎಮ್ಮೆಗಳು

ಸೂಟಿಯಲ್ಲಿ ಹೋಂವರ್ಕ್ ಕೊಡುವವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಯೋಗ್ಯತೆ ನನಗಿಲ್ಲ. ಹೇಳಲು ಹೊರಟರೆ ಎಮ್ಮೆಗಳು ಅಡ್ಡ ಬರುತ್ತವೆ.

ಅದು ಒಂಬತ್ತನೇ ತರಗತಿಯ ದಸರಾ ಸೂಟಿ. ಗಣಿತದ ಲೆಕ್ಕ, ವಿಜ್ಞಾನದ ಚಿತ್ರ ಸಾಲದೆಂಬಂತೆ ಸಮಾಜ ವಿಜ್ಞಾನದ ಟೀಚರ್, 'ಮನಿಯಾಗಿನ ಹಿರಿಯರೊಬ್ಬರನ್ನ ಮಾತಾಡಿಸಿ, ಅವರ ಕೆಲಸದ ಬಗ್ಗೆ ಹತ್ತು ಪುಟ ಬರದು, ಸಹಿ ಹಾಕಿಸಿಕೊಂಡು ಬರ್ರಿ' ಎಂದುಬಿಟ್ಟರು. ಇಷ್ಟು ಬರೆಸುವುದಾದರೆ ಅದನ್ನು ಸೂಟಿ ಎಂದು ಯಾಕೆ ಕರೆಯಬೇಕೆಂದು ನಾನು ಮೂರು ದಿನ ಗೊಣಗಿದೆ. ಗೊಣಗಿದ ಹೊತ್ತಿನಲ್ಲಿ ಐದು ಪುಟವನ್ನಾದರೂ ಬರೆಯಬಹುದಿತ್ತು.

ಇಳಕಲ್ಲಿನ ನಮ್ಮ ಮನೆಯಲ್ಲಿ ಅವ್ವ ಸೀರೆ ನೇಯುವ ಮಗ್ಗ ಇರುವುದು ನಡುಮನೆಯಲ್ಲೇ. ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಎದುರಿಗೆ ಇನ್ನೊಬ್ಬರು ಕೂತರೆ ಕೆಲಸ ಬೇಗ ಮುಗಿಯುತ್ತದೆ. ಅವ್ವ ಕರೆದಾಗಲೆಲ್ಲ 'ಹೋಂವರ್ಕ್ ಐತಿ' ಎಂದೆ. ನಾಲ್ಕನೇ ತರಗತಿಗೇ ಸಾಲೆ ಬಿಟ್ಟ ಅವ್ವನಿಗೆ ಆ ಶಬ್ದದ ಮೇಲೆ ಎಂಥ ಭಕ್ತಿಯೆಂದರೆ, 'ಸಪ್ಪಳಕ್ಕ ನಿನಗ ಬರಿಯಾಕ ಆಗಂಗಿಲ್ಲ' ಎಂದು ಮಧ್ಯಾಹ್ನ ಮಗ್ಗವನ್ನೇ ನಿಲ್ಲಿಸಿದಳು. ಆ ಸದ್ದಿಲ್ಲದ ಹೊತ್ತಿನಲ್ಲಿ ನಾನು ಕೂತು ಮೊಬೈಲ್ ನೋಡಿದೆ.

ಸೂಟಿಯ ಕೊನೆಯ ದಿನ ರಾಮಥಾಳದ ಚಿಕ್ಕವ್ವನ ಮಗಳು, ಹೋದ ವರ್ಷ ತನ್ನ ಅವ್ವನ ಬಗ್ಗೆ ಸಾಲೆಗೆ ಬರೆದಿದ್ದನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಇದ್ದದ್ದನ್ನು ಇದ್ದಂತೆ ಇಳಿಸಿದೆ. ಊರಿನ ಹೆಸರು ಬದಲಿಸಿದೆ, ಅವ್ವನ ಹೆಸರು ಹಾಕಿದೆ. ಚಿಕ್ಕವ್ವನ ಮೂರು ಎಮ್ಮೆಗಳು ಮಾತ್ರ ಹಾಗೇ ನಮ್ಮ ಮನೆಗೆ ಬಂದವು. ಅವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಹತ್ತೂ ಪುಟಕ್ಕೆ ಓದದೆ ಸಹಿ ಮಾಡಿದಳು. 'ನನ್ನ ಬಗ್ಗೆ ಇಷ್ಟೆಲ್ಲಾ ಬರದಿ ಏನು?' ಎಂದಳು. ನಾನು ಹೂಂ ಎಂದೆ.

ಮುಂದಿನ ಪಾಲಕರ ಸಭೆಯಲ್ಲಿ ಟೀಚರ್ ಅವ್ವನ ಕೈ ಹಿಡಿದುಕೊಂಡು, 'ಮಗಳು ನಿಮ್ಮ ಬಗ್ಗೆ ಭಾಳ ಚಲೋ ಬರದಾಳ್ರಿ. ನಸುಕಿನ್ಯಾಗ ಎದ್ದು ಮೂರು ಎಮ್ಮಿ ಹಿಂಡ್ತೀರಂತ. ಹೆಂಗದಾವ್ರಿ ಎಮ್ಮಿ?' ಎಂದರು. ನಮ್ಮ ಮನೆಯಲ್ಲಿ ಒಂದು ಮೇಕೆ ಕೂಡ ಇಲ್ಲ. ಅವ್ವ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಟೀಚರ್ ಕಡೆ ತಿರುಗಿ, 'ಆರಾಮ ಅದಾವ್ರಿ. ಒಂದರದು ಹಾಲು ಬತ್ತೈತ್ರಿ' ಎಂದಳು.

ದಾರಿಯುದ್ದಕ್ಕೂ ಅವ್ವ ಬೈಯಲಿಲ್ಲ. ಬೈದಿದ್ದರೆ ನನ್ನ ನಾಚಿಕೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಮನೆ ಹತ್ತಿರ ಬಂದಾಗ ಮಾತ್ರ, 'ನಾ ಮಾಡೂದು ಬರಿಯುವಂಥಾ ಕೆಲಸ ಅಲ್ಲೇನು?' ಎಂದಳು. ಇವತ್ತಿಗೂ ಆ ಮಾತು ನೆನಪಾದರೆ ಕೂತಲ್ಲೇ ಮೈ ಹಿಡಿಯಾಗುತ್ತದೆ.

ಈಗ ಕಾಲೇಜಿನಲ್ಲಿದ್ದೇನೆ. ಸೂಟಿ ಬಂದರೆ ಕರೆಯುವ ಮೊದಲೇ ಅವ್ವನ ಎದುರು ಕೂತು ಕೊಂಡಿ ಹಾಕುತ್ತೇನೆ. ಯಾರೂ ಕೇಳದಿದ್ದರೂ ಇದನ್ನು ಬರೆದು, ಸಹಿಗೆಂದು ಅವ್ವನ ಮುಂದೆ ಹಿಡಿದೆ. ಅವ್ವ ಮಗ್ಗ ನಿಲ್ಲಿಸಿ, ನಿಧಾನಕ್ಕೆ ಕನ್ನಡಕ ಹಾಕಿಕೊಂಡಳು.

'ಸಹಿ ಆಮ್ಯಾಲ' ಎಂದಳು. 'ಮೊದಲ ಇದರಾಗ ಎಷ್ಟು ಎಮ್ಮಿ ಅದಾವ ನೋಡ್ತೇನಿ.'