ಮೂರು ಕಣ್ಣಿನ ಫೋನಿಗೆ ವಿಭೂತಿ ಹಚ್ಚಿದ್ದು

ಎಮ್ಮೆ ಹಿಂಡುವ ಕೈಗೆ ಫೋಟೋ ತೆಗೆಯುವುದು ಯಾವ ಮಹಾ ಕೆಲಸ? ಎಮ್ಮೆಯಾದರೂ ಒದೆಯುತ್ತದೆ. ಫೋನಿಗೆ ಕಾಲೇ ಇಲ್ಲ. ದುಂಡಸಿಯ ನಮ್ಮ ಓಣಿಯ ಹನ್ನೊಂದು ಹೆಂಗಸರು ಶಿರಸಿ ಕಡೆಯ ಒಂದು ಜಲಪಾತ ನೋಡಲು ಹೊರಟಾಗ, ಫೋಟೋ ತೆಗೆಯುವ ಜವಾಬ್ದಾರಿಯನ್ನು ನಾನು ಮೈಮೇಲೆ ಎಳೆದುಕೊಂಡದ್ದು ಈ ಲೆಕ್ಕದಿಂದಲೇ. ಯಾರೂ ಕೇಳಿರಲಿಲ್ಲ. ನನ್ನನ್ನು ನಾನೇ ನೇಮಿಸಿಕೊಂಡೆ.

ಫೋನು ಹಾನಗಲ್ಲಿನಲ್ಲಿರುವ ಮಗಳದು. ತಾನು ಹೊಸದು ತೆಗೆದುಕೊಂಡು ಹಳೆಯದನ್ನು ತಾಯಿಗೆ ದಾನ ಮಾಡಿದ್ದಳು. ಬಿಳಿಯ ಗುಂಡಗಿನದನ್ನು ಒತ್ತಬೇಕು, ಉಳಿದ ಯಾವುದನ್ನೂ ಮುಟ್ಟಬಾರದು ಎಂದು ಕಲಿಸಿಯೂ ಹೋಗಿದ್ದಳು. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇಷ್ಟು ವಿದ್ಯೆ ಧಾರಾಳವಾಯಿತು.

ಇದನ್ನು ನಂಬದವಳು ನೀಲವ್ವ. ಅವಳು ಒಮ್ಮೆ ಜೋಗಕ್ಕೆ ಹೋಗಿ ಬಂದವಳು. ಆ ಗುಡ್ಡವನ್ನು ತಾನೇ ಕಡಿದು ನೀರು ಬಿಟ್ಟವಳಂತೆ ಮಾತಾಡುತ್ತಾಳೆ.

"ಸಹಿ ಮಾಡಾಕ ಅರ್ಧಾ ತಾಸ ತಗೊಂತಿ. ನೀ ಏನ್ ಫೋಟೋ ತೆಗಿತಿ ಚೆನ್ನವ್ವ?" ಎಂದಳು.

ನಂಬಿದವಳು ಹುಸೇನಬಿ. ನಮ್ಮ ಗೋಡೆಗೆ ಹೊಂದಿದ ಮನೆ ಅವಳದು, ನಲವತ್ತು ವರ್ಷದ ನೆರೆ. ಎಪ್ಪತ್ತು ದಾಟಿದರೂ ಅವಳದೆಂದು ಇರುವುದು ಓಟಿನ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವಳಂತೆ ಕಾಣುತ್ತಾಳೆ. ಪ್ರವಾಸದ ಸುದ್ದಿ ಕೇಳಿದವಳೇ ಸವಣೂರಿನ ಪೇಟೆಯಿಂದ ಗಾಜಿನ ಚೌಕಟ್ಟೊಂದನ್ನು ತಂದು, ಮೊಳೆ ಹೊಡೆದು, ಖಾಲಿಯನ್ನೇ ಗೋಡೆಗೆ ತೂಗುಹಾಕಿಬಿಟ್ಟಿದ್ದಳು.

"ಹಿಂದ ನೀರು ಬೀಳತಿರಬೇಕು, ಮುಂದ ನಾ ನಿಂತಿರಬೇಕು. ನಾ ಹ್ವಾದ ಮ್ಯಾಲೆ ಮೊಮ್ಮಕ್ಕಳು ನೋಡೂದು ಆ ಕಾರ್ಡಿನ ಮಾರಿ ಆಗಬಾರದವ್ವ" ಎಂದಳು. ನಾನು ಮಾತು ಕೊಟ್ಟೆ. ಮಾತು ಕೊಡುವುದಕ್ಕೆ ಗುಂಡಿಯನ್ನೂ ಒತ್ತಬೇಕಿಲ್ಲ.

ಹೊರಡುವ ದಿನ ಬೆಳಿಗ್ಗೆ ಫೋನಿಗೆ ಪೂಜೆ ಇಟ್ಟುಕೊಂಡೆ. ನಮ್ಮ ಮನೆಗೆ ಎತ್ತು ಬರಲಿ, ನೇಗಿಲು ಬರಲಿ, ಹಿಟ್ಟಿನ ಜರಡಿಯೇ ಬರಲಿ, ಪೂಜೆಯಾಗದೆ ಕೆಲಸಕ್ಕೆ ಹಚ್ಚುವ ಪದ್ಧತಿಯಿಲ್ಲ. ಜಗಲಿಯ ಮೇಲೆ ಫೋನನ್ನು ಬೋರಲು ಮಲಗಿಸಿ ನೋಡುತ್ತೇನೆ, ಬೆನ್ನಿನಲ್ಲಿ ಮೂರು ಕಣ್ಣು! ಮುಕ್ಕಣ್ಣನನ್ನು ಬರಿಹಣೆಯಲ್ಲಿ ಊರು ಬಿಡಿಸುವುದುಂಟೇ? ಒಣ ವಿಭೂತಿ ಬಸ್ಸಿನ ಕುಲುಕಾಟಕ್ಕೆ ಉದುರೀತೆಂದು, ನೈವೇದ್ಯಕ್ಕೆ ಇಟ್ಟಿದ್ದ ಬೆಲ್ಲದ ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಗಟ್ಟಿಯಾಗಿ ಎಳೆದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ನಮ್ಮ ಯಜಮಾನರು ಚಹಾ ಕುಡಿಯುತ್ತ ನೋಡುತ್ತಿದ್ದರು.

"ಏ, ಅದು ಫೋನೈತಿ. ಎತ್ತಲ್ಲ."

"ಎತ್ತಿಗೆ ಎರಡ ಕಣ್ಣು. ಇದಕ್ಕ ಮೂರು ಅದಾವು, ಎಣಿಸಿ ನೋಡ್ರಿ."

ಅವರು ಎಣಿಸಿದರು, ಸುಮ್ಮನಾದರು. ಅವರು ಸುಮ್ಮನಾದದ್ದನ್ನೆಲ್ಲ ಒಪ್ಪಿಗೆ ಎಂದು ತಿಳಿದೇ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಹೆಂಗಸರಿಗೆ ಬಸ್ಸು ಪುಕ್ಕಟೆ. ರೊಟ್ಟಿ ಗಂಟು, ಶೇಂಗಾ ಚಟ್ನಿ ಹೊತ್ತುಕೊಂಡು ಹತ್ತಿದೆವು. ಹಾನಗಲ್ ದಾಟಿ ಕಾಡು ಶುರುವಾಯಿತು, ನಾನೂ ಶುರುವಾದೆ. ಮರ ಬಂದರೆ ಒತ್ತಿದೆ, ಹಳ್ಳ ಬಂದರೆ ಒತ್ತಿದೆ, ಏನೂ ಬರದಿದ್ದರೆ ಏನಾದರೂ ಬರಲೆಂದು ಒತ್ತಿದೆ. ಫೋಟೋಗಳು ಮಬ್ಬುಮಬ್ಬಾಗಿಯೇ ಕಂಡವು. ಆದರೆ ನನ್ನ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದರದು ಬಾಕಿ ಇದೆ. ಹೀಗಾಗಿ ಮಬ್ಬು ಕಂಡಾಗಲೆಲ್ಲ ಆ ಕಣ್ಣನ್ನೇ ಬಯ್ಯುವುದು ರೂಢಿ. ಫೋನಿನ ಮೇಲೆ ಸಂಶಯ ಹುಟ್ಟಲಿಲ್ಲ. ವಿಭೂತಿ ಹಚ್ಚಿಕೊಂಡವರನ್ನು ಸಂಶಯಿಸದೆ ಮೋಸಹೋದವರಲ್ಲಿ ನಾನು ಮೊದಲನೆಯವಳೂ ಅಲ್ಲ ಬಿಡಿ.

ನೀಲವ್ವ ಹೆಗಲ ಮೇಲಿಂದ ಇಣುಕಿದಳು.

"ಎಲ್ಲಾ ಬೆಳ್ಳಗ ಬಂದೈತಲ್ಲ."

"ಕಾಡಿನ್ಯಾಗ ಮಂಜು ಇರತೈತಿ."

"ಹೊರಗ ಸುಡುಸುಡು ಬಿಸಲೈತಿ."

"ಫೋನಿಗೆ ಕಾಣತೈತಿ. ನಮಗ ಕಾಣಂಗಿಲ್ಲ."

ಪಾಪ, ಅವಳು ಕಿಟಕಿಗೆ ಹಣೆ ಹಚ್ಚಿ, ಇಲ್ಲದ ಮಂಜನ್ನು ಶಿರಸಿಯವರೆಗೂ ಹುಡುಕಿದಳು. ನನ್ನ ದಡ್ಡತನಕ್ಕೆ ಇಷ್ಟು ಧೈರ್ಯವಿದೆಯೆಂದು ನನಗೇ ಗೊತ್ತಿರಲಿಲ್ಲ.

ಶಿರಸಿಯಿಂದ ಟೆಂಪೊ ಮಾಡಿಕೊಂಡು ಹೋದೆವು. ದಾರಿಯಲ್ಲಿ ಟೆಂಪೊದವನು ಗಾಡಿ ನಿಲ್ಲಿಸಿ ಮರದ ಮೇಲೆ ಬೆಕ್ಕಿನಷ್ಟು ದೊಡ್ಡದೊಂದು ಕೆಂಪು ಅಳಿಲು ತೋರಿಸಿದ. ನೋಡಲು ಸಿಗುವುದೇ ಅಪರೂಪವಂತೆ. ಅದು ಅಲುಗದೆ ಕೂತು ಸಹಕರಿಸಿತು. ಹದಿನೇಳು ಫೋಟೋ ತೆಗೆದೆ. ಹದಿನೇಳರಲ್ಲೂ ಬೂದಿ ಬಣ್ಣದ ಮೋಡ. "ಅಳಿಲು ಹಾರಿತು ಕಾಣತೈತಿ" ಎಂದೆ. ಅಳಿಲು ಇನ್ನೂ ಅಲ್ಲೇ ಕೂತು ನನ್ನನ್ನೇ ನೋಡುತ್ತಿತ್ತು.

ಜಲಪಾತದ ಹತ್ತಿರ ಜಾತ್ರೆಯಷ್ಟು ಜನ. ಒಬ್ಬರೂ ನೀರು ನೋಡುತ್ತಿರಲಿಲ್ಲ. ಅಷ್ಟು ದೂರದಿಂದ ಬಂದವರೆಲ್ಲ ನೀರಿಗೆ ಬೆನ್ನು ಕೊಟ್ಟು, ಕೈಯಲ್ಲಿನ ಫೋನಿಗೆ ಹಲ್ಲು ಕಿರಿಯುತ್ತ ನಿಂತಿದ್ದರು. ನಗಬೇಕೆಂದಿದ್ದೆ. ಅಷ್ಟರಲ್ಲಿ ನಾನೂ ನಮ್ಮವರನ್ನು ಸಾಲಾಗಿ ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದೆ.

ಕಡೆಗೆ ಹುಸೇನಬಿಯ ಸರದಿ ಬಂತು. ಹೊಸ ಹಸಿರು ಸೀರೆ ಉಟ್ಟಿದ್ದಳು. ಬಂಡೆಯ ಮೇಲೆ ನಿಲ್ಲಿಸಿ, ಸೆರಗು ಸರಿಮಾಡಿ, ಗದ್ದ ಎತ್ತಿ ಕಟ್ಟುನಿಟ್ಟಾಗಿ ಹೇಳಿದೆ: "ನಾ ಹೇಳೂತನಕ ಅಲುಗಾಡಬ್ಯಾಡ. ಭೂಮಿ ಬಿರಿದ್ರೂ ಅಲುಗಾಡಬ್ಯಾಡ."

ಹತ್ತು ಹೆಜ್ಜೆ ಹಿಂದೆ ಬಂದು ಫೋನು ಎತ್ತಿದೆ. ಹಿಂದಿನಿಂದ ಒಂದು ಕೈ ಬಂದು ಅದನ್ನು ಕಸಿದುಕೊಂಡಿತು. ನೀಲವ್ವನದೇ ಎಂದುಕೊಂಡು ಬಯ್ಯಲು ತಿರುಗಿದರೆ, ಆ ಕೈಗೆ ಕೂದಲಿತ್ತು.

ಕರುವಿನಷ್ಟು ದೊಡ್ಡ ಮಂಗ. ಬೆಲ್ಲದ ವಾಸನೆ ಹಿಡಿದು ಬಂದಿತ್ತು. ಫೋನು ತೆಗೆದುಕೊಂಡು ಹೋಗಿ ನನ್ನ ಹಿಂದಿದ್ದ ಕಟ್ಟೆಯ ಮೇಲೆ ಕೂತು, ನನ್ನ ಮುಕ್ಕಣ್ಣನನ್ನು ಒಂದು ಕಣ್ಣೂ ಬಿಡದೆ ನೆಕ್ಕತೊಡಗಿತು. ನಮ್ಮವರೆಲ್ಲ ರೊಟ್ಟಿ ಗಂಟು ಅಪ್ಪಿಕೊಂಡು ದಿಕ್ಕಾಪಾಲಾದರು. ನಾನು ಕಾಲಿನ ಚಪ್ಪಲಿ ಕಿತ್ತು, ತುರುಬು ಬಿಚ್ಚಿಹೋಗಿ, ಹುಟ್ಟಿದಾಗಿನಿಂದ ಕಲಿತ ಬೈಗುಳವನ್ನೆಲ್ಲ ಒದರುತ್ತ ಅದರ ಮೇಲೆ ಹೋದೆ. ಅದು ನೆಕ್ಕಿ ಮುಗಿಸಿ, ಫೋನನ್ನು ತಿರುಗಿಸಿ, ಬೆಳಕಿನ ಭಾಗವನ್ನು ತನ್ನ ಮುಖಕ್ಕೆ ಹಿಡಿದು ಎರಡು ಸಲ ಬಡಿಯಿತು. ರುಚಿಯಿಲ್ಲವೆಂದು ತಿಳಿದ ಮೇಲೆ ಎಲೆಗಳ ಮೇಲೆ ಎಸೆದು ಮರ ಏರಿತು.

ಅವಮಾನವಾಗಿ ಫೋನನ್ನು ಸೆರಗಿನ ತುದಿಗೆ ಗಂಟು ಹಾಕಿದೆ. ಟೆಂಪೊದವನು ಹಾರ್ನು ಬಾರಿಸುತ್ತಿದ್ದ. ಹುಸೇನಬಿಯ ಫೋಟೋ ಆಗಲೇ ತೆಗೆದಾಗಿದೆ ಎಂದು ಸುಳ್ಳು ಹೇಳಿದೆ. ಅವಳು ಆಮೇಲೆಯೇ ಬಂಡೆ ಬಿಟ್ಟು ಇಳಿದಳು.

ಬರುವಾಗ ಹಾನಗಲ್ ಸ್ಟ್ಯಾಂಡಿನಲ್ಲಿ ಮಗಳು ಕಾದಿದ್ದಳು. ಹನ್ನೊಂದು ತಲೆ ಒಂದೇ ಫೋನಿನ ಮೇಲೆ ಬಾಗಿದವು. ಮಗಳು ಒಂದೊಂದೇ ಸರಿಸಿದಳು. ಬಿಳಿ. ಬಿಳಿ. ಬಿಳಿ. ಮಂಜಿನ ವಿಷಯ ಹೇಳಲು ಬಾಯಿ ತೆರೆದೆ. ಮಗಳು ಫೋನನ್ನು ತಿರುಗಿಸಿ, ಅಂಚಿನಲ್ಲಿ ಉಳಿದಿದ್ದ ಬೂದಿಯನ್ನು ಉಗುರಿನಿಂದ ಕೆರೆದಳು.

"ಇದರ ಕಣ್ಣಿಗೆ ಏನ್ ಹಚ್ಚೀಯವ್ವ?"

ಹೇಳಿದೆ. ನೀಲವ್ವ ನಗಲಿಲ್ಲ. ಶಿರಸಿಯವರೆಗೆ ಮಂಜು ಹುಡುಕಿದವಳು ಯಾವ ಬಾಯಿಂದ ನಗುತ್ತಾಳೆ?

ಹುಸೇನಬಿ ಮೆಲ್ಲಗೆ ಕೇಳಿದಳು: "ನಂದೂ ಹಂಗ ಬಂದೈತೇನ?"

ನಲವತ್ತು ವರ್ಷದಲ್ಲಿ ಅವಳ ಮುಖ ನೋಡಲಾಗದೆ ನಾನು ನೆಲ ನೋಡಿದ್ದು ಅದೊಂದೇ ಸಲ. ಅಷ್ಟರಲ್ಲಿ ಮಗಳ ಬೆರಳು ಕೊನೆಯ ಫೋಟೋಗೆ ಬಂದು ನಿಂತಿತು.

ಹಿಂದೆ ಜಲಪಾತ, ಹನಿ ಹನಿ ಎಣಿಸಬಹುದು. ಬಂಡೆಯ ಮೇಲೆ ಹಸಿರು ಸೀರೆಯ ಹುಸೇನಬಿ. ಎಲ್ಲರೂ ಓಡಿದಾಗ ಅವಳೊಬ್ಬಳೇ, ನಾನು ಹೇಳಿದಂತೆ, ಅಲುಗಾಡದೆ ನಿಂತಿದ್ದಳು. ಗದ್ದ ಎತ್ತಿ, ರಾಣಿಯ ಹಾಗೆ. ಆದರೆ ಅವಳ ಮುಂದೆ, ಅರ್ಧ ಫೋಟೋ ತುಂಬ, ಕೂದಲು ಕೆದರಿ, ಬಾಯಿ ಕಿಸಿದು, ಚಪ್ಪಲಿ ಎತ್ತಿದ ಒಂದು ಪ್ರಾಣಿ.

"ಇದನ್ನ ಯಾರು ತೆಗದಾರ? ಭಾಳ ಛಲೋ ಬಂದೈತಿ" ಎಂದಳು ಮಗಳು.

ಎಲ್ಲರೂ ನನ್ನನ್ನು ನೋಡಿದರು.

ಮೂರನೆಯ ದಿನಕ್ಕೆ ಫೋಟೋ ಚೌಕಟ್ಟಿನೊಳಗೆ ಕೂತಿತು. ನನ್ನನ್ನು ಕತ್ತರಿಸಿ ತೆಗೆಸೆಂದು ಹುಸೇನಬಿಗೆ ಕೈಮುಗಿದೆ. "ನಿನ್ನ ತೆಗೆದ್ರ ಅರ್ಧಾ ನೀರೂ ಹೋಗತೈತಿ" ಎಂದಳು. ಅವಳಿಗೆ ನೀರಿನ ಚಿಂತೆ.

ಈಗ ಆ ಮನೆಗೆ ಬಂದವರೆಲ್ಲ ಫೋಟೋ ತೆಗೆದವರು ಯಾರೆಂದು ಕೇಳುತ್ತಾರೆ. ಒಂದು ಮಂಗ್ಯಾ ಎಂದು ಅವಳು ಇದ್ದದ್ದನ್ನೇ ಹೇಳುತ್ತಾಳೆ. ಮೊನ್ನೆ ಒಬ್ಬರು ಗಾಜಿನ ಹತ್ತಿರ ಹೋಗಿ, ಬಹಳ ಹೊತ್ತು ನೋಡಿ, ನನ್ನ ಮೇಲೆ ಬೆರಳಿಟ್ಟು, "ಇದ ಏನು ಆ ಮಂಗ್ಯಾ?" ಎಂದು ಕೇಳಿದರು.

ಅವರು ನಮ್ಮ ಯಜಮಾನರು. ಅವರ ಎರಡೂ ಕಣ್ಣು ಚೆನ್ನಾಗಿಯೇ ಕಾಣುತ್ತವೆ.