ಎರಡು ಒಲೆಗಳ ಸಾಮಾನು

ಎರಡು ವಸ್ತು ಮುಂದಿಟ್ಟು ಒಂದನ್ನು ಆರಿಸು ಎಂದರೆ ನನಗೆ ಮೈಯೆಲ್ಲ ಬೆವರುತ್ತದೆ. ಅಂಗಡಿಯಲ್ಲಿ ಹೆಂಡತಿ ಎರಡು ಸೀರೆ ಹಿಡಿದು ಯಾವುದು ಚೆಂದ ಎಂದು ಕೇಳುವ ಹೊತ್ತಿಗೆ ಸರಿಯಾಗಿ ನನಗೆ ಬಾಯಾರಿಕೆ. ನೀರು ಕುಡಿದು ಬರುವಷ್ಟರಲ್ಲಿ ಅವಳೇ ಆರಿಸಿ ಮುಗಿಸಿರುತ್ತಾಳೆ. ಇದನ್ನು ನಾನು ಬಹಳ ಕಾಲ ಸಮಾಧಾನದ ಸ್ವಭಾವ ಎಂದು ಕರೆದುಕೊಂಡಿದ್ದೆ. ಅದು ಬರೀ ಪುಕ್ಕಲುತನ ಎಂದು ತಿಳಿಯಲು ಒಂದು ಒಲೆ ಬೇಕಾಯಿತು.

ಪ್ರತ್ಯೇಕ ತೆಲಂಗಾಣದ ಚಳವಳಿ ಜೋರಾಗಿದ್ದ ಕಾಲ. ಗುಮಾಸ್ತನಾದ ನಾನೂ ಮುಷ್ಕರದಲ್ಲಿದ್ದೆ. ಹಗಲೆಲ್ಲ ಜಹೀರಾಬಾದಿನ ರಸ್ತೆ ಬದಿಯ ಟೆಂಟಿನಲ್ಲಿ ಕೂಡುವುದು, ಪಾಳಿ ಬಂದಾಗ ಮೈಕು ಹಿಡಿಯುವುದು. ಬೇರೆಯಾಗುವುದೆಂದರೆ ಜಗಳವಲ್ಲ, ಅಣ್ಣತಮ್ಮಂದಿರು ತಮ್ಮ ತಮ್ಮ ಒಲೆ ಹೂಡಿಕೊಂಡ ಹಾಗೆ ಎಂದು ತೆಲುಗಿನಲ್ಲಿ ಶುರುಮಾಡಿ ಉರ್ದುವಿನಲ್ಲಿ ಮುಗಿಸುತ್ತಿದ್ದೆ. ಚಪ್ಪಾಳೆ ಚೆನ್ನಾಗಿಯೇ ಬೀಳುತ್ತಿತ್ತು.

ಲಾರಿಗಳು ನಿಂತು ಗ್ಯಾಸ್ ಸಿಲಿಂಡರ್ ಬರುವುದೂ ನಿಂತಿತು. ಹಿತ್ತಲ ಕಟ್ಟಿಗೆ ಒಲೆಗೆ ಮತ್ತೆ ಕೆಲಸ ಬಂತು. ಅದೋ ಬಾಯಿ ಒಡೆದು, ಒಂದು ಮಗ್ಗುಲು ಕುಸಿದು, ಹೊಗೆಯನ್ನೆಲ್ಲ ಉಣ್ಣಲು ಕೂತವರ ಕಡೆಗೇ ಬಿಡುತ್ತಿತ್ತು. ನಾವು ಕೂಡಿ ಬಾಳುವವರು: ಅವ್ವ, ಹೊಲ ನೋಡಿಕೊಳ್ಳುವ ಅಣ್ಣ, ಅವನ ಹೆಂಡತಿ ಅಂದರೆ ನಮ್ಮ ವೈನಿ, ನಾನು, ನನ್ನ ಹೆಂಡತಿ ಸುವರ್ಣಾ. ಖಾಲಿ ಕೂತವನು ನಾನೊಬ್ಬನೇ ಆದ್ದರಿಂದ ಹೊಸ ಒಲೆಯ ಸಾಮಾನು ತರುವುದು ನನ್ನ ತಲೆಗೆ ಬಂತು.

ವೈನಿಯನ್ನು ಕೇಳಿದೆ. "ಕೆಮ್ಮಣ್ಣು ತರ್ರಿ. ಹೊಟ್ಟು ಕಲಸಿ ಹೂಡಿದ್ರ ರೊಟ್ಟಿ ಹದಾ ಬೇಯ್ತಾವ" ಅಂದರು. ಹಂಗೇ ಆಗಲಿ ಎಂದೆ. ಸುವರ್ಣಾಳನ್ನು ಬೇರೆ ಹೊತ್ತಿನಲ್ಲಿ, ಬೇರೆ ಮೂಲೆಯಲ್ಲಿ ಕೇಳಿದೆ. "ತಾಂಡೂರ ಕಲ್ಲು ತರ್ರಿ. ಎತ್ತರಕ ಒಂದು ಕಟ್ಟಿ ಕಟ್ಟಿದ್ರ ನಿಂತು ರೊಟ್ಟಿ ಮಾಡಾಕ ಬರ್ತದ. ಕುಂತು ಕುಂತು ನಮ್ಮ ಮೊಣಕಾಲ ಹೋಗ್ಯಾವ" ಅಂದಳು. ಅವಳಿಗೂ ಹಂಗೇ ಆಗಲಿ ಎಂದೆ. ಇಬ್ಬರನ್ನೂ ಎದುರಿಗೆ ಕೂಡಿಸಿ ಕೇಳುವ ಧೈರ್ಯ ನನ್ನಲ್ಲಿರಲಿಲ್ಲ.

ಬಸ್ಸಿಲ್ಲದ್ದರಿಂದ ಜೀಪಿನ ಹಿಂದೆ ಜೋತುಬಿದ್ದು ತಾಂಡೂರಿಗೆ ಹೋದೆ. ಕಲ್ಲಿನ ಅಂಗಡಿಯವರು, "ನೀಲಿ ಬೇಕೇನ್ರಿ, ಹಳದಿ ಬೇಕೇನ್ರಿ?" ಅಂದರು. ಬಾಯಾರಿಕೆ ಎಂದೆ. ಪುಣ್ಯಾತ್ಮರು ನೀರನ್ನು ತಾವೇ ತಂದುಕೊಟ್ಟು ಮತ್ತೆ ಅದನ್ನೇ ಕೇಳಿದರು. "ಎರಡೂ ಹಾಕ್ರಿ" ಅಂದುಬಿಟ್ಟೆ. ಕಲ್ಲು ಹೇರಿದ ಟೆಂಪೊದಲ್ಲಿ ಬರುವಾಗ ನನಗೆ ಅದ್ಭುತವಾದ ಉಪಾಯ ಹೊಳೆಯಿತು. ವೈನಿಗೆ ಮಣ್ಣಿನದೊಂದು, ಸುವರ್ಣಾಳಿಗೆ ಕಲ್ಲಿನದೊಂದು, ಎರಡು ಒಲೆ ಹೂಡಿದರಾಯಿತು, ಯಾರಿಗೂ ಬೇಸರವಿಲ್ಲ. ಊರ ಹೊರಗೆ ಟೆಂಪೊ ನಿಲ್ಲಿಸಿ ಕೆಮ್ಮಣ್ಣನ್ನೂ ಹೇರಿಸಿದೆ. ಇಷ್ಟು ಬುದ್ಧಿಯಿದ್ದೂ ಗುಮಾಸ್ತನಾಗಿಯೇ ಉಳಿದೆನಲ್ಲ ಎಂದು ಕೊಂಚ ಮರುಕವೂ ಆಯಿತು.

ಅಂಗಳದಲ್ಲಿ ಸಾಮಾನು ಇಳಿಸುವಾಗ ಎದುರು ಮನೆಯ ಶರಣಮ್ಮ ಬಂದು, "ಇಷ್ಟ್ಯಾಕ್ರಿ?" ಎಂದಳು. "ಎರಡು ಒಲಿ ಹೂಡ್ತೀವಿ" ಎಂದೆ, ಹೆಮ್ಮೆಯಿಂದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಮ್ಮ ಕಡೆ ಒಂದೇ ಮನೆಯಲ್ಲಿ ಎರಡನೇ ಒಲೆ ಹೂಡಿದರೆ ಮನೆ ಪಾಲಾಯಿತು ಎಂದೇ ಲೆಕ್ಕ. ನನಗೆ ಗೊತ್ತಿರಲಿಲ್ಲವೇ? ಟೆಂಟಿನಲ್ಲಿ ಪಾಳಿ ಬಂದಾಗಲೆಲ್ಲ ಅದನ್ನೇ ಒದರುತ್ತಿದ್ದವನು ನಾನು. ಮೈಕಿನ ಮಾತು ಮನೆಯ ಹೊಸ್ತಿಲು ದಾಟುವುದಿಲ್ಲ ಎಂದುಕೊಂಡಿದ್ದೆ, ಅಷ್ಟೆ.

ಹೊಲದಿಂದ ಬರುತ್ತಿದ್ದ ಅಣ್ಣನಿಗೆ ಸುದ್ದಿ ದಾರಿಯಲ್ಲೇ ಮುಟ್ಟಿತ್ತು. ಅವನು ಬೈಯಲಿಲ್ಲ. ಒಳಗಿನಿಂದ ಜೋಳದ ಚೀಲಗಳನ್ನು ಎಳೆತಂದು ಅಂಗಳದಲ್ಲಿ ಎರಡು ಸಾಲಾಗಿ ಇಡತೊಡಗಿದ.

"ಅಣ್ಣಾ, ಏನ್ ಮಾಡಾಕತ್ತಿ?" ಎಂದೆ.

"ಬ್ಯಾರಿ ಆಗೋದಂದ್ರ ಜಗಳಲ್ಲ ಅಂತ ನೀನೇ ಮೈಕಿನ್ಯಾಗ ಅಂತೀಯಂತಲ್ಲ. ನಾನೂ ಜಗಳ ಮಾಡಂಗಿಲ್ಲ. ನಿನಗ ಯಾ ಸಾಲು ಬೇಕು, ಹೇಳು."

ಮತ್ತೆ ಎರಡು. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು. ನನಗೆ ಅಳು ನುಗ್ಗಿ ಬಂತು. ಅಷ್ಟರಲ್ಲಿ ಅವ್ವ ತನ್ನ ಊಟದ ತಾಟು ಹಿಡಿದುಕೊಂಡು ಬಾಗಿಲಿಗೆ ಬಂದಳು, ಹಿಂದೆಯೇ ವೈನಿ, ಸುವರ್ಣಾ.

"ನನ್ನ ತಾಟು ಯಾರ ಒಲಿ ಮುಂದ ಇಡ್ಲೋ?"

"ಎರಡೂ ಕಡಿ ಉಣ್ಣಾಕ ಬರ್ತದಲ್ಲವ್ವಾ" ಎಂದೆ. ಅಭ್ಯಾಸಬಲ.

"ಹೊಟ್ಟಿ ಒಂದೇ ಅದಲ್ಲಪ್ಪ" ಎಂದಳು.

ನಾನು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟೆ. "ನನಗ ಬ್ಯಾರಿ ಆಗೋದು ಬ್ಯಾಡಣ್ಣ, ಇವರಿಬ್ಬರಾಗ ಯಾರಿಗಿ ಇಲ್ಲ ಅನ್ಬೇಕು ತಿಳೀಲಿಲ್ಲ" ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ವೈನಿ ಸುವರ್ಣಾಳ ಮುಖ ನೋಡಿದರು. "ಕಟ್ಟಿ ಕಲ್ಲಿಂದು, ಮ್ಯಾಲ ಒಲಿ ಮಣ್ಣಿಂದು ಅಂತ ನಾವು ಯಾವಾಗೋ ಮಾತಾಡೀವ್ರಿ. ಕೂಡ್ಸಿ ಕೇಳಿದ್ರ ಹೇಳ್ತಿದ್ದಿವಿ" ಎಂದಳು ಸುವರ್ಣಾ. ಅಣ್ಣ ಕೈಕಾಲು ತೊಳೆಯಲು ಹೋದ. ಚೀಲಗಳನ್ನು ಒಳಗೆ ಹೊರುವ ಕೆಲಸ ಮಾತ್ರ ಪೂರ್ತಿ ನನಗೇ ಬಿಟ್ಟ.

ಮರುದಿನ ವೈನಿ, ಸುವರ್ಣಾ ಕೂಡಿ ಹಳೆಯ ಒಲೆ ಕೆಡವಿ ಹೊಸದನ್ನು ಹೂಡಿದರು. ಅದರ ಮರುದಿನ ಟೆಂಟಿನಲ್ಲಿ ನನ್ನ ಪಾಳಿ. ಮೈಕು ಹಿಡಿದು ನೋಡಿದರೆ, ಎಂದೂ ಆ ಕಡೆ ಬಾರದ ಅಣ್ಣ ಎಲ್ಲರಿಗಿಂತ ಮುಂದೆ ಕೂತಿದ್ದಾನೆ. ಮನೆಯಲ್ಲಿ ಒಲೆಯ ಹೊಗೆ ಕುಡಿದು ಗಂಟಲು ಕಟ್ಟಿದೆ, ಇವತ್ತು ಮಾತಾಡಲಾರೆ ಎಂದು ಹೇಳಿ ಇಳಿದುಬಂದು ಅಣ್ಣನ ಪಕ್ಕ ಕೂತೆ. ಜನ ಅಯ್ಯೋ ಪಾಪ ಎಂದರು. ಹೊಸ ಒಲೆಯ ಮಣ್ಣು ಇನ್ನೂ ಹಸಿಯಿತ್ತು, ನಾವು ಶರಣಮ್ಮನ ಮನೆಯ ರೊಟ್ಟಿ ಉಣ್ಣುತ್ತಿದ್ದೆವು, ನಮ್ಮ ಮನೆಯಲ್ಲಿ ಎರಡು ದಿನದಿಂದ ಹೊಗೆಯೇ ಎದ್ದಿರಲಿಲ್ಲ. ಅದು ಅಣ್ಣನಿಗೆ ಗೊತ್ತಿತ್ತು. ಆದರೂ ಅವನು ತನ್ನ ಬಿಸಿ ಚಹಾದ ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.