ಒಂಟಿ ಸೀನು

ರಾಯಚೂರಿನಲ್ಲಿ ಮೇ ತಿಂಗಳಲ್ಲಿ ನೆಗಡಿ ಹಿಡಿಸಿಕೊಂಡವನನ್ನು ಯಾರೂ ನಂಬುವುದಿಲ್ಲ. ಜ್ವರ ಬಂದರೆ ಬಿಸಿಲು ಹೊಡೆದಿದೆ ಎನ್ನುತ್ತಾರೆ, ತಲೆ ಸುತ್ತಿದರೆ ಮಜ್ಜಿಗೆ ಕೊಡುತ್ತಾರೆ. ಮೂಗು ಸೋರುತ್ತಿದೆ ಎಂದರೆ ಮಾತ್ರ, ಇವನು ಎಲ್ಲೋ ಏನೋ ತಿನ್ನಬಾರದ್ದು ತಿಂದಿದ್ದಾನೆ ಎಂಬಂತೆ ನೋಡುತ್ತಾರೆ. ನಲವತ್ತೇಳನೆಯ ವಯಸ್ಸಿನಲ್ಲಿ ಆ ನೋಟವನ್ನು ಒಂದು ಬೇಸಿಗೆಯಲ್ಲಿ ವಾರಗಟ್ಟಲೆ ಅನುಭವಿಸಿದವನು ನಾನು. ಊರೆಲ್ಲ ಬೆವರಿನಲ್ಲಿ ತೊಯ್ದಿರುವಾಗ ನಾನೊಬ್ಬ ಕಿವಿಗೆ ಮಫ್ಲರ್ ಕಟ್ಟಿಕೊಂಡು ಓಡಾಡಿದೆ. ಅದಕ್ಕೆ ಕಾರಣ ನಾನು ಮ್ಯಾನೇಜರನಾಗಿದ್ದ ಹತ್ತಿ ಗಿರಣಿ ಕಂಪನಿ, ಮತ್ತು ಯಾರ ಮನಸ್ಸನ್ನೂ ನೋಯಿಸಬಾರದೆಂಬ ನನ್ನ ಹಾಳು ಸ್ವಭಾವ.

ಚಿಂತೆ ಮಾಡುವುದು ನಮ್ಮ ಮನೆತನದಲ್ಲಿ ಬಂದದ್ದು. ಮನೆಗೆ ಬೀಗ ಹಾಕಿ ಹೊರಟವನು ಓಣಿಯ ತುದಿಯಿಂದ ತಿರುಗಿ ಬಂದು ಬೀಗ ಎಳೆದು ನೋಡುತ್ತೇನೆ. ಎಳೆದದ್ದರಿಂದ ಬೀಗ ಸಡಿಲಾಯಿತೇನೋ ಎಂದು ಮತ್ತೆ ಬರುತ್ತೇನೆ. "ನಿಮ್ಮ ಕೈಗೆ ಹೆದರಿ ಆ ಬೀಗ ಒಂದಿನ ತಾನಾಗೇ ಕಿತ್ತು ಬರ್ತದ ನೋಡ್ರಿ" ಎನ್ನುತ್ತಾಳೆ ನನ್ನ ಹೆಂಡತಿ ಸುಶೀಲಾ. ಇಂಥವನು ಎಲ್ಲಾದರೂ ಪೋಸ್ಟಿನಲ್ಲಿ ಠಸ್ಸೆ ಹೊಡೆಯುತ್ತ ಇರಬೇಕಿತ್ತು. ಆದರೆ ಎಪ್ಪತ್ತರ ದಶಕದಲ್ಲಿ ರಾಯಚೂರಿನಲ್ಲಿ ಹತ್ತಿ ಗಿರಣಿಗಳ ಸಿಳ್ಳು ಕೂಗಿದಲ್ಲಿಗೆ ನೌಕರಿ ಹುಡುಕುವವರು ಓಡುತ್ತಿದ್ದರು, ನಾನೂ ಓಡಿದೆ.

ನಮ್ಮ ಕಂಪನಿಗೆ ಷೇರುದಾರರು ಮಾನ್ವಿ, ದೇವದುರ್ಗ, ಸಿರವಾರ ಕಡೆಯ ವ್ಯಾಪಾರಸ್ಥರು ಮತ್ತು ಗೌಡರು. ಹತ್ತಿ ಮಾರಲು ಬರುವವರೂ ಅವರೇ, ಗಿರಣಿಯ ಒಡೆಯರೂ ಅವರೇ. ಹತ್ತಿ ತೂಗುವಾಗ ದರ ಏರಬೇಕು ಎನ್ನುತ್ತಿದ್ದರು. ತೂಕ ಮುಗಿದು ಕೈ ಜಾಡಿಸಿಕೊಂಡ ಮೇಲೆ, ಕಂಪನಿ ಹೀಗೆ ದುಬಾರಿ ಹತ್ತಿ ಕೊಂಡರೆ ಲಾಭವೆಲ್ಲಿಂದ ಬರಬೇಕು ಎಂದು ನನ್ನನ್ನೇ ಬೈಯುತ್ತಿದ್ದರು. ಆಡಳಿತ ಮಂಡಳಿ ಎಂದರೆ ಅಧ್ಯಕ್ಷರಾದ ಮಾನ್ವಿಯ ಬಸಣ್ಣ ಸಾವುಕಾರರು. ಉಳಿದ ನಿರ್ದೇಶಕರು ಅವರು ತಲೆ ಆಡಿಸಿದ ಕಡೆ ತಲೆ ಆಡಿಸುವವರು. ಇನ್ನು ಕೆಲಸಗಾರರಲ್ಲಿ ಹೆಚ್ಚಿನವರು ಹತ್ತಿ ಆರಿಸುವ ಹೆಣ್ಣುಮಕ್ಕಳು. ತಗಡಿನ ಶೆಡ್ಡಿನಲ್ಲಿ ಕುಳಿತು ಹತ್ತಿಯಿಂದ ಕಸ, ಎಲೆ, ಕೊಳೆತ ಎಸಳು ಬೇರೆ ಮಾಡುವುದು ಅವರ ಕೆಲಸ. ಗಾಳಿಗೆ ಹತ್ತಿ ಹಾರುತ್ತದೆಂದು ಕಿಟಕಿಗಳನ್ನು ಮುಚ್ಚಿರುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಆ ಶೆಡ್ಡಿನ ಬಾಗಿಲಲ್ಲಿ ನಿಂತರೆ ರೊಟ್ಟಿಯ ಹಂಚಿನ ಮೇಲೆ ಬಾಗಿದ ಹಾಗಾಗುತ್ತಿತ್ತು.

ಅವರ ಮುಂದಾಳು ಹುಲಿಗೆವ್ವ. ಆಕೆಯದು ಒಂದೇ ಬೇಡಿಕೆ. "ಸಾಹೇಬ್ರ, ನಸಿಕಿನ್ಯಾಗ ಬರ್ತೀವಿ, ಹೊತ್ತು ನೆತ್ತಿಗಿ ಏರೂದ್ರೊಳಗ ಮನಿಗಿ ಬಿಡ್ರಿ. ಕೂಲಿ ಹೆಚ್ಚಿಗಿ ಕೇಳಾಕತ್ತಿಲ್ಲ, ಹೊತ್ತು ಹಿಂದ ಸರಸ್ರಿ ಅಂತ ಕೇಳಾಕತ್ತೀವಿ." ಮೂರು ಬೇಸಿಗೆಯಿಂದ ಆಕೆ ಇದನ್ನು ಕೇಳುತ್ತಿದ್ದಳು, ಮೂರು ಬೇಸಿಗೆಯಿಂದ ನಾನು "ಪರಿಶೀಲನೆಯಲ್ಲಿ ಅದ" ಎನ್ನುತ್ತಿದ್ದೆ. ಸುಳ್ಳಲ್ಲ. ನಾನು ನಿಜವಾಗಿಯೂ ಪರಿಶೀಲಿಸುತ್ತಿದ್ದೆ. ನಸುಕಿನಲ್ಲಿ ದೀಪ ಉರಿಸಿದರೆ ಷೇರುದಾರರು ಕರೆಂಟಿನ ಖರ್ಚು ಕೇಳಿದರೆ? ಇದಕ್ಕೆ ಹೂಂ ಎಂದರೆ ನಾಳೆ ಇನ್ನೊಂದು ಕೇಳುತ್ತಾರೆ ಎಂದು ಸಾವುಕಾರರು ಅಂದರೆ? ಅಲ್ಲದೆ ಗೇಟಿನ ಕೀಲಿಕೈ ಇದ್ದದ್ದು ನನ್ನ ಹತ್ತಿರ. ಆ ಮಾತು ಇಲ್ಲಿ ಮುಖ್ಯವಲ್ಲ.

ನಮ್ಮ ಲೆಕ್ಕದ ವರ್ಷ ದೀಪಾವಳಿಗೆ ಮುಗಿಯುತ್ತಿತ್ತು. ಆಡಿಟ್ ಆಗಿ ಷೇರುದಾರರ ವಾರ್ಷಿಕ ಸಭೆ ಸೇರುವ ಹೊತ್ತಿಗೆ ಬೇಸಿಗೆ ಏರಿರುತ್ತಿತ್ತು. ಆ ಸಭೆಗಳು ಬಲು ಚಂದ. ನಾನು ಜಮಾಖರ್ಚು ಓದಲು ತೊಡಗಿದರೆ ಸಾಕು, ಎಲ್ಲರೂ ಹೆಗಲ ಮೇಲಿನ ವಲ್ಲಿಯಿಂದ ಕುತ್ತಿಗೆ ಒರೆಸಿಕೊಳ್ಳುತ್ತ "ಆತ್ರೀ, ಪಾಸ್ ಮಾಡ್ರಿ, ಮಜ್ಜಿಗಿ ತರಸ್ರಿ" ಎನ್ನುತ್ತಿದ್ದರು. ಅವರ ಆ ಅವಸರದಲ್ಲಿ ಬಿಸಿಲಿನ ಪಾಲೆಷ್ಟು ಎಂದು ನಮಗೆ ತಿಳಿದಿರಲಿಲ್ಲ. ಒಂದು ವರ್ಷ ಸಿರವಾರದ ಹಿರಿಯ ಷೇರುದಾರರೊಬ್ಬರು ಸಭೆಯ ನಡುವೆ ತಲೆ ಸುತ್ತಿ ಬಿದ್ದರು. ಗಾಬರಿಯಾದ ಸಾವುಕಾರರು ಮುಂದಿನ ಸಭೆಗೆ ಹೈದರಾಬಾದಿನಿಂದ ಒಂದು ಕೂಲರ್ ತರಿಸಿದರು. ಅಲಮಾರಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಮೂರು ಕಡೆ ಒದ್ದೆ ಹುಲ್ಲು, ನಡುವೆ ವಿಮಾನದಂಥ ಫ್ಯಾನು.

ಆ ದಿನ ತಣ್ಣನೆಯ ಗಾಳಿಯಲ್ಲಿ ಷೇರುದಾರರು ಕಾಲು ಚಾಚಿ ಕುಳಿತರು. ವಲ್ಲಿ ಹೆಗಲಿಗೆ ಹೋಯಿತು, ಎಲೆ ಅಡಿಕೆ ಹೊರಗೆ ಬಂತು, ಅದರ ಹಿಂದೆಯೇ ಪ್ರಶ್ನೆಗಳೂ ಬಂದವು. ಹತ್ತಿಬೀಜ ಯಾರಿಗೆ ಮಾರಿದಿರಿ? ಸಾವುಕಾರರ ಜೀಪಿಗೆ ಡೀಸೆಲ್ ಯಾರು ಹಾಕಿಸುತ್ತಾರೆ? ಎಲ್ಲರಿಗಿಂತ ಹೆಚ್ಚು ಕೇಳಿದವರು ದೇವದುರ್ಗದ ಮಲ್ಲನಗೌಡರು. ಅವರ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ನಾಲ್ಕು ಮರಿ ಇರುತ್ತಿದ್ದವು. ಸಾವುಕಾರರು ನನ್ನ ಕಿವಿಯಲ್ಲಿ, "ರಾಯರ, ಈ ಕೂಲರ್ ಆರಸ್ರಿ, ಇಲ್ಲಂದ್ರ ಇವ್ರು ಏಳಂಗಿಲ್ಲ" ಎಂದರು. ಆರಿಸಲು ಎದ್ದರೆ ಗೌಡರು, "ಕುಂದರ್ರಿ ರಾಯರ, ನಮ್ಮ ರೊಕ್ಕದ ಹವಾ ಅದು" ಎಂದರು.

ಕೊನೆಗೆ ಪ್ರಶ್ನೆ ಕೂಲರಿನ ಮೇಲೆಯೇ ಬಂತು. ಸಭೆ ಮುಗಿದ ಮೇಲೆ ಅದು ಎಲ್ಲಿರಬೇಕು? ತಮ್ಮ ಕೋಣೆಯಲ್ಲಿ ಎಂದು ಸಾವುಕಾರರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಹುಲಿಗೆವ್ವ ನಿಂತಿದ್ದಳು.

"ಒಬ್ರು ಯಜಮಾನ್ರು ಬಿದ್ದದ್ದಕ್ಕ ಇಷ್ಟು ದೊಡ್ಡ ಮಿಷನ್ ಬಂತು. ನಮ್ಮ ಶೆಡ್ಡಿನ್ಯಾಗ ಇಬ್ರು ಹೆಣ್ಣುಮಕ್ಕಳು ಬಿದ್ದಾರ್ರಿ. ನಮಗೇನು ಬಂತು ಕೇಳ್ರಿ ಇವ್ರನ್ನ."

ಎಲ್ಲರೂ ನನ್ನನ್ನು ನೋಡಿದರು. "ಒಂದು ನೀರಿನ ಗಡಿಗಿ" ಎಂದೆ.

"ಶೆಡ್ಡಿನ್ಯಾಗ ಕೂಲರ್ ಇಟ್ರ ಹತ್ತಿ ಹಸಿ ಆಗ್ತದಬೇ" ಎಂದರು ಸಾವುಕಾರರು.

"ಆಗ್ಲಿ ಬಿಡ್ರಿ, ತೂಕರ ಬರ್ತದ" ಎಂದರು ಮಲ್ಲನಗೌಡರು. ಅದು ತಮಾಷೆಯೋ ನಿಜವಾದ ಸಲಹೆಯೋ ತಿಳಿಯದೆ ನಾನು ಬರೆದುಕೊಂಡು, ಹೆದರಿ ಹೊಡೆದುಹಾಕಿದೆ.

ವಾದ ಬೆಳೆದು ಕಡೆಗೆ ಒಂದು ಠರಾವು ಆಯಿತು. ಷೇರುದಾರರು, ಆಡಳಿತ ಮಂಡಳಿ, ಕೆಲಸಗಾರರು ಮೂವರಿಗೂ ಸಮನಾಗಿ ಅನುಕೂಲವಾಗುವಂತೆ ಕೂಲರನ್ನು ಮ್ಯಾನೇಜರರು ತಕ್ಕ ಸ್ಥಳದಲ್ಲಿ ಇಡತಕ್ಕದ್ದು. ದೊಡ್ಡವರು ತಮಗೆ ಬಗೆಹರಿಯದ್ದನ್ನು ಕೆಳಗಿನವರ ತಲೆಗೆ ಕಟ್ಟುವಾಗ ಭಾಷೆ ಎಷ್ಟು ಗಂಭೀರವಾಗುತ್ತದೆ ನೋಡಿ.

ಆ ವಾರ ನನಗೆ ಅನ್ನ ಸೇರಲಿಲ್ಲ. ಸಾವುಕಾರರ ಕೋಣೆ, ಷೇರುದಾರರ ಗಾಡಿಗಳು ನಿಲ್ಲುವ ಅಂಗಳ, ತಗಡಿನ ಶೆಡ್ಡು, ಮೂರಕ್ಕೂ ನಡುವಿನ ಜಾಗವೆಂದರೆ ಆಫೀಸಿನ ಪಡಸಾಲೆ. ಸಭೆ ನಡೆದದ್ದೂ ಅಲ್ಲೇ, ಕೂಲರ್ ಅಲ್ಲೇ ಉಳಿಯಿತು. ಅಂಗಳದ ಕಡೆ ತಿರುಗಿಸಿದರೆ ಹುಲಿಗೆವ್ವ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದಳು. ಶೆಡ್ಡಿನ ಕಡೆ ತಿರುಗಿಸಿದರೆ ಗೌಡರು ಕೆಮ್ಮುತ್ತಿದ್ದರು. ಸಾವುಕಾರರ ಬಾಗಿಲಿಗೆ ತಿರುಗಿಸಿದರೆ ಇಬ್ಬರೂ ಒಟ್ಟಿಗೆ ಬರುತ್ತಿದ್ದರು. ಯಾರ ಕಡೆಗೂ ಅಲ್ಲದಂತೆ ತಿರುಗಿಸಿದಾಗ ಅದರ ಬಾಯಿ ಬಂದು ನಿಂತದ್ದು ನನ್ನ ಮೇಜಿನ ನೇರಕ್ಕೆ. ದೇವರಾಣೆಗೂ ಮೇಜು ಮೊದಲಿನಿಂದ ಅಲ್ಲೇ ಇತ್ತು. ಆದರೆ ಒದ್ದೆ ಗಾಳಿ ದಿನವಿಡೀ ಬೆನ್ನಿಗೆ ಬಡಿದು ನನಗೆ ನೆಗಡಿ ಹಿಡಿದಾಗ, ಈ ಮಾತನ್ನು ಹೆಂಡತಿಯೂ ನಂಬಲಿಲ್ಲ. "ಮೂರು ಮಂದಿಗಿ ಸಮ ಅಂತ ನಾಕನೇದವ್ರು ಹೊಡ್ಕೊಂಡ್ರೇನು?" ಎಂದು ಶುಂಠಿ ಕಷಾಯ ಮುಂದಿಟ್ಟಳು.

ನೆಗಡಿಯಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನನ್ನ ಸೀನು ಒಂಟಿ ಸೀನು, ಅದೇ ತೊಂದರೆ. ಒಂಟಿ ಸೀನು ಅಪಶಕುನವೆಂದು ನಿಮಗೆ ಗೊತ್ತೇ ಇದೆ. ಚಿಕ್ಕಂದಿನಲ್ಲಿ ಅಪ್ಪ ಪ್ರಯಾಣಕ್ಕೆ ಹೊರಟಾಗ ನಾನು ಒಮ್ಮೆ ಸೀನಿದರೆ ಅವ್ವ ಅವರನ್ನು ಮರಳಿ ಕೂಡಿಸಿ ನೀರು ಕೊಡುತ್ತಿದ್ದಳು. ಗಬ್ಬೂರಿನ ಬಸ್ಸು ಅವರನ್ನು ಬಿಟ್ಟು ಹೋಗುತ್ತಿತ್ತು. ಇನ್ನೊಂದು ಸೀನು ಬಿದ್ದು ಜೋಡಿಯಾದರೆ ದೋಷವಿಲ್ಲ, ಶುಭವೇ. ಕೂಲರ್ ಬಂದ ಮೇಲೆ ಷೇರುದಾರರೆಲ್ಲ ಕಂಪನಿಯ ಹಿತ ವಿಚಾರಿಸುವ ನೆಪದಲ್ಲಿ ನನ್ನ ಮೇಜಿನ ಸುತ್ತಲೇ ಕುಳಿತು ಹತ್ತಿಯ ವ್ಯಾಪಾರ ಮಾತಾಡಲು ತೊಡಗಿದರು. ದರ ಕುದುರಿ, ಕೊಡುವವನು ತೆಗೆದುಕೊಳ್ಳುವವನ ಕೈಮೇಲೆ ಕೈ ಇಡಬೇಕು, ಆಗ ಸರಿಯಾಗಿ ನನಗೆ ಸೀನು. ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು.

"ಇನ್ನೊಂದು ಸೀನ್ರಿ ರಾಯರ" ಎನ್ನುತ್ತಿದ್ದರು ಗೌಡರು.

"ಬರವಲ್ದು ಗೌಡ್ರ."

"ಬರವಲ್ದು ಅಂದ್ರ ಹ್ಯಾಂಗ? ಕಂಪನಿ ಪಗಾರ ತಿಂತೀರಿ. ತಗೋರಿ ನಶ್ಯ."

ನಶ್ಯ ಏರಿಸಿ, ಸೂರ್ಯನನ್ನು ನೋಡಿ, ಕಡ್ಡಿಯಿಂದ ಮೂಗು ಕೆರೆದುಕೊಂಡು ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಬೇಡವೆಂದಾಗ ಬರುವ ಸೀನು ಬೇಕೆಂದಾಗ ಬರುವುದಿಲ್ಲ. ಎರಡು ಸಲ ವ್ಯಾಪಾರ ಮುರಿದು ಹತ್ತಿಯ ಗಾಡಿಗಳು ಬೇರೆ ಗಿರಣಿಗೆ ಹೋದವು. ನೌಕರಿಯೇ ಹೋಯಿತು ಎಂದುಕೊಂಡೆ. ಸೀನಿ ನೌಕರಿ ಕಳೆದುಕೊಂಡವನೆಂದು ಮಗಳ ಮಾವನ ಮನೆಯವರು ಆಡಿಕೊಳ್ಳುವುದು ಆಗಲೇ ಕಿವಿಗೆ ಕೇಳುತ್ತಿತ್ತು.

ಸಾವುಕಾರರು, ಗೌಡರು, ಹುಲಿಗೆವ್ವ ಮೂವರೂ ನನ್ನ ಮುಂದೆಯೇ ಕುಳಿತು ಚರ್ಚಿಸಿದರು. ನಮ್ಮ ಕಂಪನಿಯ ಇತಿಹಾಸದಲ್ಲಿ ಮೂರು ಕಡೆಯವರೂ ಒಂದೇ ಮಾತಿಗೆ ಒಪ್ಪಿದ್ದು ಅದೊಂದೇ ಸಲ. ಕೂಲರ್ ಇದ್ದಲ್ಲೇ ಇರಲಿ, ರಾಯರ ಮೇಜು ಅಲ್ಲಿಂದ ಏಳಲಿ. ಎಲ್ಲಿಗೆ ಎಂಬುದಕ್ಕೂ ಹುಲಿಗೆವ್ವ ಉತ್ತರ ತಯಾರು ಮಾಡಿ ಇಟ್ಟುಕೊಂಡಿದ್ದಳು. "ನಮ್ಮ ಶೆಡ್ಡಿಗಿ ಕಳಸ್ರಿ. ಬಿಸಿಗಿ ನೆಗಡಿ ಬಿಡ್ತದ."

ನೆಗಡಿ ಬಿಟ್ಟಿತು, ಸುಳ್ಳು ಹೇಳಬಾರದು. ಮೊದಲ ಮಧ್ಯಾಹ್ನವೇ ಬಿಟ್ಟಿತು. ಎರಡನೆಯ ಮಧ್ಯಾಹ್ನ ಕೈಯ ಬೆವರಿಗೆ ಮಸಿ ಹರಡಿ ಬರೆದದ್ದೆಲ್ಲ ಅಳಿಸಿತು. ಸುತ್ತ ಹೆಣ್ಣುಮಕ್ಕಳು ಸೆರಗು ಬಾಯಿಗೆ ಕಟ್ಟಿಕೊಂಡು, ಮಾತಿಲ್ಲದೆ, ಹತ್ತಿ ಆರಿಸುತ್ತಿದ್ದರು. ಅಲ್ಲಿ ಮಾತಾಡಲೂ ಗಾಳಿ ಸಾಲದು ಎಂದು ಗೊತ್ತಾದದ್ದೇ ಆಗ. ಹುಲಿಗೆವ್ವ ಗಡಿಗೆಯಿಂದ ನೀರು ತಂದು ಕೊಟ್ಟಳು. ನೀರು ಬಿಸಿಯಾಗಿತ್ತು. ಮೂರನೆಯ ದಿನ ನಾನು ಸಾವುಕಾರರ ಮುಂದೆ ನಿಂತು, ನಸುಕಿನಿಂದ ಕೆಲಸ ಹಚ್ಚೋಣ, ಮಧ್ಯಾಹ್ನ ಬಿಡೋಣ ಎಂದೆ. ಕೂಲರಿನ ಮುಂದೆ ಕುಳಿತಿದ್ದ ಗೌಡರು ಕೇಳಿದರು, "ರೊಕ್ಕ ಹೆಚ್ಚಿಗಿ ಹತ್ತತದೇನು?"

"ನಾಕು ಬಲ್ಬು, ಅಷ್ಟ."

"ಮತ್ತ ಇಷ್ಟು ದಿನ ಯಾಕ ತಡ ಆತು?"

ಸಾವುಕಾರರು ನನ್ನನ್ನು ನೋಡಿದರು. ನಾನು ಕೂಲರನ್ನು ನೋಡಿದೆ.

ಮರುವಾರದಿಂದ ನಸುಕಿನಲ್ಲಿ ಗೇಟು ತೆರೆಯಿತು. ಕೀಲಿಕೈ ಹಿಡಿದು ಆಕಳಿಸುತ್ತ ನಿಂತವನು ನಾನು. "ಮೂರು ವರ್ಷದ ಪರಿಶೀಲನಿ ಮೂರು ದಿನದಾಗ ಮುಗೀತಲ್ರೀ ಸಾಹೇಬ್ರ. ಮೊದ್ಲ ಇಲ್ಲೇ ಕುಂದ್ರಬೇಕಿತ್ತು" ಎಂದಳು ಹುಲಿಗೆವ್ವ. ನಾನು ನಕ್ಕೆ. ಆ ನಗುವಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ನಾನು ಸುಧಾರಿಸಿದ್ದೇನೆ ಎಂದೇ ತಿಳಿದಿದ್ದೆ, ಮುಂದಿನ ವಾರ್ಷಿಕ ಸಭೆ ಬರುವ ತನಕ.

ಆ ವರ್ಷ ಲಾಭ ತೆಳುವಾಗಿತ್ತು, ಸಾವುಕಾರರ ಮುಖವೂ ತೆಳುವಾಗಿತ್ತು. "ಹ್ವಾದ ವರ್ಷದಂಗ ತಣ್ಣಗ ಕುಂತ್ರ ಇವ್ರು ನಮ್ಮನ್ನ ಹತ್ತಿಹಂಗ ಹಿಂಜಿ ಅರಳಿ ಮಾಡ್ತಾರ. ಏನರ ಉಪಾಯ ಹೇಳ್ರಿ ರಾಯರ" ಎಂದರು. ನನಗೂ ಪ್ರಶ್ನೆಗಳೆಂದರೆ ಭಯ. ಯೋಚಿಸದೆಯೇ ಬಾಯಿಂದ ಬಂದುಬಿಟ್ಟಿತು: "ಪಡಸಾಲಿ ಸಣ್ಣದು, ಮಂದಿ ಹಿಡಿಯಂಗಿಲ್ಲ. ಸಭಾ ಶೆಡ್ಡಿನ್ಯಾಗ ಇಡೂಣು. ಹ್ಯಾಂಗೂ ಈಗ ಮಧ್ಯಾಹ್ನ ಖಾಲಿ ಇರ್ತದ."

ಸಾವುಕಾರರು ನನ್ನ ಬೆನ್ನು ತಟ್ಟಿದರು. ಇಷ್ಟು ವರ್ಷದಲ್ಲಿ ಅದೇ ಮೊದಲು.

ಉಪಾಯ ಫಲಿಸಿತು. ತಗಡು ಕಾದು ಚಟಪಟ ಅನ್ನುತ್ತಿತ್ತು. ವಲ್ಲಿಗಳು ಮತ್ತೆ ಕುತ್ತಿಗೆಗೆ ಬಂದವು. ನಾನು ಜಮಾಖರ್ಚು ಓದುತ್ತಿದ್ದಂತೆ "ಆತ್ರೀ, ಆತ್ರೀ" ಎಂಬ ಸವಿನುಡಿ ಎಲ್ಲ ಕಡೆಯಿಂದ ಕೇಳಿತು. ಮಲ್ಲನಗೌಡರು ಸಹ ಕೆಂಪಗಾಗಿ, "ಲಗೂನ ಪಾಸ್ ಮಾಡ್ರಿ ಮಾರಾಯರ, ಜೀವ ಹೊಂಟದ" ಎಂದರು. ಸಾವುಕಾರರು ಎದ್ದು ನಿಂತು, ಲೆಕ್ಕ ಪಾಸಾಯಿತು ಎಂದು ಹೇಳಲು ಕೈ ಎತ್ತಿದರು. ಶೆಡ್ಡಿನಲ್ಲಿ ಹಾರಾಡುತ್ತಿದ್ದ ಹತ್ತಿಯ ಒಂದು ಎಳೆ ಅದೇ ಹೊತ್ತಿಗೆ ನನ್ನ ಮೂಗಿನೊಳಗೆ ಹೋಯಿತು.

ಒಂದೇ ಒಂದು ಸೀನು.

ಸಾವುಕಾರರ ಕೈ ಎತ್ತಿದಲ್ಲೇ ನಿಂತಿತು. ಏಳಹೊರಟವರೆಲ್ಲ ಮತ್ತೆ ಕುಳಿತರು. ಅಪಶಕುನದಲ್ಲಿ ಲೆಕ್ಕ ಪಾಸು ಮಾಡಲು ಒಬ್ಬರೂ ತಯಾರಿರಲಿಲ್ಲ. ಗೌಡರು ಮುಖ ಒರೆಸಿಕೊಂಡು, "ಇನ್ನೊಂದು ಬೀಳೂತನಕ ಕುಂದ್ರೂದ ಆತು. ಖಾಲಿ ಯಾಕ ಕುಂದರೂಣು? ಅಲ್ರೀ ಸಾವುಕಾರ್ರ, ಈ ಬೆಂಕ್ಯಾಗ ಸಭಾ ಇಡಬೇಕಂತ ಯಾರಿಗಿ ಹೊಳೀತು?" ಎಂದರು.

ಸಾವುಕಾರರು ಎತ್ತಿದ ಕೈಯನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿದರು. ಷೇರುದಾರರೆಲ್ಲ ನನ್ನ ಮೂಗನ್ನೇ ದಿಟ್ಟಿಸಿದರು. ನಾನು ಕಾದ ತಗಡಿನ ಕಡೆ ಮುಖ ಎತ್ತಿ, ಕಣ್ಣು ಮುಚ್ಚಿ, ಮೂಗು ಅರಳಿಸಿ, ಜನ್ಮದಲ್ಲಿ ಯಾವುದಕ್ಕೂ ಪಡದಷ್ಟು ಪ್ರಯತ್ನಪಟ್ಟೆ. ಬರಲಿಲ್ಲ.

ನೀರು ಕೊಡಲೆಂದು ಉಳಿದಿದ್ದ ಹುಲಿಗೆವ್ವ ಗಡಿಗೆ ಕೆಳಗಿಟ್ಟು ಹೇಳಿದಳು: "ಅವಸರ ಮಾಡಬ್ಯಾಡ್ರಿ ಗೌಡ್ರ. ಸಾಹೇಬ್ರ ಎರಡನೇ ಸೀನು ಪರಿಶೀಲನ್ಯಾಗ ಅದ."